ನಾಲಗೆಯ ಕಾವಲು

ರಾಯಚೂರಿನ ರಾಜೇಂದ್ರ ಗಂಜಿನಲ್ಲಿ ಧಾನ್ಯದ ವ್ಯಾಪಾರ ನಡೆಯುವುದನ್ನು ಕಂಡವರಿಗೆ ಒಂದು ನೋಟ ಚಿರಪರಿಚಿತ. ಮಾನ್ವಿಯ ಕಡೆಯಿಂದ ಬಂದ ಅಕ್ಕಿಯ ಚೀಲಕ್ಕೆ ಮೊನಚಾದ ಕೊಳವೆಯೊಂದನ್ನು ಚುಚ್ಚಿ ವರ್ತಕನು ಒಂದು ಹಿಡಿ ಕಾಳನ್ನು ಅಂಗೈಗೆ ಸುರಿದುಕೊಳ್ಳುತ್ತಾನೆ. ಮೊದಲು ಬೆಳಕಿಗೆ ಹಿಡಿದು ಬಣ್ಣವನ್ನೂ ನುಚ್ಚನ್ನೂ ನೋಡುತ್ತಾನೆ. ಬಳಿಕ ಮೂಗಿನ ಹತ್ತಿರ ತಂದು ಮುಗ್ಗಲು ವಾಸನೆ ಇದೆಯೇ ಎಂದು ಮೂಸುತ್ತಾನೆ. ಕೊನೆಗೆ ನಾಲ್ಕು ಕಾಳನ್ನು ಹಲ್ಲಿನ ನಡುವೆ ಕಡಿದು, ಒಣಗಿದೆಯೋ ಇಲ್ಲವೋ ತಿಳಿದು, ಉಗುಳಿ, ಬೆಲೆ ಹೇಳುತ್ತಾನೆ. ದೇವದುರ್ಗದ ಹತ್ತಿ ಬಂದರೆ ಅದರ ಎಳೆಯನ್ನು ಎರಡೂ ಕೈಯ ಬೆರಳುಗಳ ನಡುವೆ ಹಿಡಿದೆಳೆದು ಉದ್ದವನ್ನೂ ಬಲವನ್ನೂ ಅಳೆಯುವವರಿದ್ದಾರೆ. ಕಾಳು ಕಡಿದ ವರ್ತಕನನ್ನು ಹಸಿದವನೆಂದು ಯಾರೂ ಭಾವಿಸುವುದಿಲ್ಲ. ಉಣ್ಣುವುದು ಬೇರೆ, ರುಚಿ ನೋಡುವುದು ಬೇರೆ ಎಂಬುದು ಗಂಜಿನಲ್ಲಿ ಹಮಾಲರಿಗೂ ತಿಳಿದ ಮಾತು.

ಇದೇ ಭೇದವನ್ನು ಒಂದು ವಿದ್ಯೆಯಾಗಿ ಬೆಳೆಸಿ, ಅದಕ್ಕೆ ಶಾಲೆ, ಪದವಿ, ಕಾಯಿದೆಗಳನ್ನು ಕಟ್ಟಿಕೊಟ್ಟ ದೇಶ ಇಟಲಿ. ಅಲ್ಲಿ ಹೀಗೆ ಪರೀಕ್ಷೆಗೆ ಒಳಗಾಗುವ ವಸ್ತು ದ್ರಾಕ್ಷಾಸವ, ಅಂದರೆ ವೈನ್. ಮದ್ಯದ ಹೆಸರೆತ್ತಿದೊಡನೆ ಕೆಲವು ಓದುಗರು ಹುಬ್ಬು ಗಂಟಿಕ್ಕಬಹುದು. ಅದು ಸಹಜವೇ. ಮಾನ್ವಿಯ ಜಗನ್ನಾಥದಾಸರು, ದೇವದುರ್ಗ ಸೀಮೆಯ ಮೊಸರಕಲ್ಲಿನ ಗೋಪಾಲದಾಸರು ಹರಿನಾಮವನ್ನೇ ಅಮೃತವೆಂದು ಸವಿದ ನಾಡಿದು. ಕುಡಿತದ ಗುಣಗಾನಕ್ಕೆ ಇಲ್ಲಿ ಎಡೆಯಿಲ್ಲ. ಆದರೆ ಕುಡಿಯದವರ ಮನೆಗೂ ಈ ವಿದ್ಯೆಯಿಂದ ಕಲಿಯಬೇಕಾದ ಪಾಠವೊಂದುಂಟು. ಅದನ್ನು ಕಲಿಯದೆ ಹೋದುದರಿಂದ ಆದ ಹಾನಿಯ ಕಥೆ ರಾಯಚೂರಿನ ಬೀದಿಗಳಲ್ಲಿಯೇ ಇದೆ.

ಇಟಲಿಯ ದ್ರಾಕ್ಷಾಸವ ಭಾರತಕ್ಕೆ ಹೊಸತೂ ಅಲ್ಲ. ಕ್ರಿಸ್ತಶಕದ ಮೊದಲ ಶತಮಾನದಲ್ಲಿ ಗ್ರೀಕ್ ನಾವಿಕನೊಬ್ಬನು ಬರೆದಿಟ್ಟ ‘ಪೆರಿಪ್ಲಸ್’ ಎಂಬ ಸಮುದ್ರಯಾನದ ಕೈಪಿಡಿಯಲ್ಲಿ ಭರುಕಚ್ಛದ, ಅಂದರೆ ಇಂದಿನ ಭರೂಚಿನ, ಬಂದರಿಗೆ ಬರುತ್ತಿದ್ದ ಸರಕುಗಳ ಪಟ್ಟಿಯಿದೆ. ಮೂರು ದೇಶಗಳ ದ್ರಾಕ್ಷಾಸವ ಅಲ್ಲಿಗೆ ಬರುತ್ತಿದ್ದಿತಾದರೂ ಕೊಳ್ಳುವವರ ಒಲವು ಇಟಲಿಯದರ ಕಡೆಗೇ ಹೆಚ್ಚು ಎಂದು ಆತ ಗುರುತು ಹಾಕಿದ್ದಾನೆ. ಪುದುಚೇರಿಯ ಬಳಿಯ ಅರಿಕಮೇಡಿನಲ್ಲಿ 1945ರಲ್ಲಿ ನಡೆದ ಉತ್ಖನನದಲ್ಲಿ ಆ ಕಾಲದ ಎರಡು ಹಿಡಿಗಳ ಮದ್ಯದ ಜಾಡಿಗಳ ಚೂರುಗಳು ದೊರೆತಿವೆ. ಅಂದರೆ ಎರಡು ಸಾವಿರ ವರ್ಷಗಳ ಹಿಂದೆಯೇ ಈ ನೆಲದಲ್ಲಿ ಮೂರನ್ನೂ ಸವಿದು ಒಂದನ್ನು ಮೇಲೆಂದು ಆರಿಸಬಲ್ಲ ನಾಲಗೆಗಳಿದ್ದವು.

ಇನ್ನೂ ಸ್ವಾರಸ್ಯದ ಸಂಗತಿ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿದೆ. ಸುರಾಧ್ಯಕ್ಷನ ಕರ್ತವ್ಯಗಳನ್ನು ವಿಧಿಸುವ ಅಧ್ಯಾಯದಲ್ಲಿ ಮೇದಕ, ಪ್ರಸನ್ನಾ, ಆಸವ, ಅರಿಷ್ಟ, ಮೈರೇಯಗಳ ಜೊತೆಗೆ ದ್ರಾಕ್ಷಿಯ ರಸದಿಂದಾದ ‘ಮಧು’ವೂ ಬರುತ್ತದೆ. ಅದಕ್ಕೆ ಹುಟ್ಟಿದ ನಾಡಿನಿಂದಲೇ ಹೆಸರು: ಕಾಪಿಶಾಯನ, ಹಾರಹೂರಕ. ಊರಿನ ಹೆಸರೇ ವಸ್ತುವಿನ ಗುಣಕ್ಕೆ ಜಾಮೀನು ಎಂಬ ಈ ತತ್ತ್ವವೇ ಇಟಲಿಯ ಇಂದಿನ ಕಾಯಿದೆಯ ಬೇರು.

ಇನ್ನು ಪರೀಕ್ಷೆಯ ಕ್ರಮ. ಇದಕ್ಕೆ ತಕ್ಕ ಗಾಜಿನ ಬಟ್ಟಲಿಗೇ 1977ರಲ್ಲಿ ಅಂತರರಾಷ್ಟ್ರೀಯ ಮಾನ ಗೊತ್ತಾಯಿತು. ತೆಳುವಾದ ಕಾಲಿನ ಮೇಲೆ ಮೊಟ್ಟೆಯಾಕಾರದ ಒಡಲು, ಕಿರಿದಾದ ಬಾಯಿ. ಹಿಡಿಸುವುದು 215 ಮಿಲಿಲೀಟರು, ಸುರಿಯುವುದು 50 ಮಾತ್ರ. ಉಳಿದ ಜಾಗ ಪರಿಮಳಕ್ಕೆ ಮೀಸಲು. ಪರೀಕ್ಷಕನು ಅತ್ತರು ಪೂಸಿಕೊಂಡು ಬರುವಂತಿಲ್ಲ, ತಾಂಬೂಲ ಮೆದ್ದು ಬರುವಂತಿಲ್ಲ. ಮೊದಲು ಬಟ್ಟಲನ್ನು ಬಿಳಿಯ ಬಟ್ಟೆಯ ಮೇಲೆ ಓರೆಯಾಗಿ ಹಿಡಿದು ಬಣ್ಣ ನೋಡುತ್ತಾನೆ. ಕೆಂಪು ಆಸವ ವಯಸ್ಸಾದಂತೆ ಅಂಚಿನಲ್ಲಿ ಇಟ್ಟಿಗೆಯ ಬಣ್ಣಕ್ಕೆ ತಿರುಗುತ್ತದೆ. ಬಿಳಿಯದು ಹೊಂಬಣ್ಣಕ್ಕೆ ಏರುತ್ತದೆ. ಬಳಿಕ ಬಟ್ಟಲನ್ನು ಮೆಲ್ಲನೆ ತಿರುವಿ ಮೂಸುತ್ತಾನೆ. ಆಮೇಲೆ ಒಂದು ಗುಟುಕನ್ನು ಬಾಯಿಗೆ ತೆಗೆದುಕೊಂಡು, ತುಟಿಗಳ ನಡುವಿನಿಂದ ತುಸು ಗಾಳಿ ಎಳೆದು, ನಾಲಗೆಯ ಮೂಲೆಮೂಲೆಗೂ ಹರಿಸಿ, ಪೀಕದಾನಿಗೆ ಉಗುಳಿಬಿಡುತ್ತಾನೆ. ಒಂದು ಬೆಳಗಿನಲ್ಲಿ ಹಲವು ಹತ್ತು ಮಾದರಿಗಳನ್ನು ತೂಗಬೇಕಾದವನು ನುಂಗುತ್ತ ಹೋದರೆ ಮಧ್ಯಾಹ್ನದ ಹೊತ್ತಿಗೆ ಅವನ ತೀರ್ಪಿಗೆ ಬೆಲೆಯಿರುವುದಿಲ್ಲವಷ್ಟೆ.

ಈ ಕ್ರಮದಲ್ಲಿ ಮೂಗಿಗೇ ಹಿರಿತನ. ನೆಗಡಿಯಾದ ದಿನ ಹೋಳಿಗೆಯೂ ಸಪ್ಪೆ ಎನಿಸುವುದನ್ನು ಎಲ್ಲರೂ ಬಲ್ಲರು. ನೈವೇದ್ಯಕ್ಕೆ ಮುನ್ನ ರುಚಿ ನೋಡಲಾಗದ ಮಡಿಯ ಅಡುಗೆಮನೆಯಲ್ಲಿ ಹಿರಿಯ ಗೃಹಿಣಿಯರು ಕುದಿಯುವ ಸಾರಿನ ಪರಿಮಳದಿಂದಲೇ ಏನು ಹೆಚ್ಚು ಏನು ಕಡಿಮೆ ಎಂದು ಹೇಳಿಬಿಡುತ್ತಾರೆ. ಅವರಿಗೆ ಯಾವ ದೇಶದ ಪರೀಕ್ಷಕನೂ ಪಾಠ ಹೇಳಬೇಕಾಗಿಲ್ಲ.

ಬಾಯಿಯಲ್ಲಿ ತೂಗುವ ಗುಣಗಳು ಐದಾರು: ಹುಳಿ, ಸಿಹಿ, ಒಗರು, ಮದ್ಯಸಾರದ ಬಿಸುಪು, ಒಡಲಿನ ಭಾರ, ರುಚಿ ನಾಲಗೆಯ ಮೇಲೆ ನಿಲ್ಲುವ ಹೊತ್ತು. ಟಸ್ಕನಿ ಪ್ರಾಂತದ ಸಾಂಜೊವೇಸೆ ಎಂಬ ಕಪ್ಪು ದ್ರಾಕ್ಷಿಯನ್ನು ತೆಗೆದುಕೊಳ್ಳೋಣ. ದೇವರಾಜ ಜೋವನ ರಕ್ತ ಎಂದು ಆ ಹೆಸರಿಗೆ ಜನ ಹೇಳುವ ಅರ್ಥ. ಪ್ರಸಿದ್ಧವಾದ ಕಿಯಾಂತಿ ಇದರಿಂದಲೇ ಆಗುತ್ತದೆ. ಇದರಲ್ಲಿ ಹುಳಿ ಮುಂದು, ಒಗರು ಅದರ ಬೆನ್ನಿಗೆ. ಅರೆಮಾಗಿದ ನೇರಳೆಹಣ್ಣನ್ನು ತಿಂದಾಗ ಒಸಡು ಹಿಡಿದಂತಾಗುವುದಲ್ಲ, ಆ ಬಗೆಯದು. ಉತ್ತರದ ಪಿಯೆಮೋಂತೆಯ ನೆಬ್ಬಿಯೋಲೊ ದ್ರಾಕ್ಷಿಯಿಂದಾಗುವ ಬರೋಲೊ ಇನ್ನೂ ಒಗರು; ಅದರ ಪರಿಮಳಕ್ಕೆ ಗುಲಾಬಿಯನ್ನೂ ಡಾಂಬರನ್ನೂ ಒಟ್ಟಿಗೆ ಹೋಲಿಸುವುದು ಅಲ್ಲಿಯ ರೂಢಿ. ಅದೇ ಪ್ರಾಂತದ ಮೊಸ್ಕಾತೊ ಹಗುರ, ಸಿಹಿ, ನೊರೆಯುಳ್ಳದ್ದು. ಅದರಲ್ಲಿ ಮದ್ಯಸಾರ ನೂರಕ್ಕೆ ಸುಮಾರು ಐದರಷ್ಟೇ. ಯಾವುದೇ ಒಂದು ಗುಣ ಹೆಚ್ಚಾದ ಮಾತ್ರಕ್ಕೆ ಅಂಕ ಬರುವುದಿಲ್ಲ. ಎಲ್ಲವೂ ಒಂದರೊಡನೊಂದು ಹೊಂದಿಕೊಂಡು ಒಂದೇ ರುಚಿಯಾಗಬೇಕು. ಭಾರತದ ಅಲಂಕಾರ ಶಾಸ್ತ್ರಜ್ಞರು ಕಾವ್ಯರಸವನ್ನು ವಿವರಿಸಲು ಪಾನಕವನ್ನು ಉದಾಹರಿಸಿದ್ದು ಇದೇ ಕಾರಣಕ್ಕೆ. ಬೆಲ್ಲ, ಹುಳಿ, ಮೆಣಸುಗಳು ಬೇರೆಬೇರೆಯಾಗಿ ತೋರದೆ ಮೂರಕ್ಕೂ ಮಿಗಿಲಾದ ಒಂದು ಸವಿಯಾದಾಗಲೇ ಅದು ಪಾನಕ. ಅದನ್ನು ಅರಿಯಬಲ್ಲವನೇ ಸಹೃದಯ.

*

ಆದರೆ ಸಹೃದಯನೂ ಮೋಸಹೋಗುತ್ತಾನೆ. ಫ್ರಾನ್ಸಿನ ಬೋರ್ಡೋ ನಗರದಲ್ಲಿ ದ್ರಾಕ್ಷಾಸವ ಶಾಸ್ತ್ರವನ್ನು ಓದುತ್ತಿದ್ದ 54 ವಿದ್ಯಾರ್ಥಿಗಳ ಮೇಲೆ ನಡೆದ ಪ್ರಯೋಗವೊಂದರ ವರದಿ 2001ರಲ್ಲಿ ಪ್ರಕಟವಾಯಿತು. ಬಿಳಿಯ ಆಸವಕ್ಕೆ ರುಚಿಯೂ ವಾಸನೆಯೂ ಇಲ್ಲದ ಕೆಂಪು ಬಣ್ಣ ಬೆರೆಸಿ ಮುಂದಿಟ್ಟಾಗ, ಅವರು ಅದರ ಪರಿಮಳವನ್ನು ವರ್ಣಿಸಲು ಕೆಂಪು ಆಸವಕ್ಕೆ ಸಲ್ಲುವ ಮಾತುಗಳನ್ನೇ ಬಳಸಿದರು. ಕಣ್ಣು ಹೇಳಿದ್ದನ್ನು ಮೂಗು ನಂಬಿಬಿಟ್ಟಿತು! ಬಣ್ಣ ಹೀಗೆ ಮೋಸಗೊಳಿಸಬಲ್ಲುದಾದರೆ ಬಾಟಲಿಯ ಮೇಲಿನ ಚೀಟಿ, ಮನೆತನದ ಹೆಸರು, ಬೆಲೆ ಇವುಗಳ ಪ್ರಭಾವವನ್ನು ಕೇಳಬೇಕೆ?

ಆದ್ದರಿಂದಲೇ ಚೀಟಿಯನ್ನು ಮರೆಮಾಡಿ ಪರೀಕ್ಷಿಸುವ ಪದ್ಧತಿ ಬಂದದ್ದು. ಇದರ ಬಲವೇನೆಂಬುದಕ್ಕೆ ಇಟಲಿಯದೇ ಒಂದು ದೃಷ್ಟಾಂತವಿದೆ. ಟಸ್ಕನಿಯ ಕಡಲಂಚಿನ ಬೋಲ್ಗೆರಿ ಎಂಬಲ್ಲಿ ಸಸ್ಸಿಕಾಯಾ ಎಂಬ ಆಸವವನ್ನು ಮಾಡುತ್ತಿದ್ದರು. ಬಳಸಿದ ದ್ರಾಕ್ಷಿ ಫ್ರಾನ್ಸ್ ಮೂಲದ್ದು. ಸ್ಥಳವೂ ಕಾಯಿದೆಯ ಪಟ್ಟಿಯಲ್ಲಿರಲಿಲ್ಲ. ಆದಕಾರಣ ಅದಕ್ಕೆ ಎಲ್ಲಕ್ಕಿಂತ ಕೆಳಗಿನ ದರ್ಜೆ, ‘ಊಟದ ಮೇಜಿನ ವೈನ್’ ಎಂಬ ಚೀಟಿ. 1978ರಲ್ಲಿ ಲಂಡನ್ನಿನ ‘ಡಿಕ್ಯಾಂಟರ್’ ಪತ್ರಿಕೆ ಚೀಟಿ ಮುಚ್ಚಿ ಏರ್ಪಡಿಸಿದ ಪರೀಕ್ಷೆಯಲ್ಲಿ ಹಲವು ದೇಶಗಳ ಅದೇ ಜಾತಿಯ ಆಸವಗಳನ್ನು ಹಿಂದಿಕ್ಕಿ ಅದು ಮೊದಲನೆಯದಾಯಿತು. ಕಾಯಿದೆಯ ಪಟ್ಟಿಯಲ್ಲಿ ಅದಕ್ಕೆ ತಕ್ಕ ಸ್ಥಾನ ಸಿಕ್ಕಿದ್ದು 1994ರಲ್ಲಿ. ದಫ್ತರು ಅರಿಯಲು ಹದಿನಾರು ವರ್ಷ ತೆಗೆದುಕೊಂಡದ್ದನ್ನು ನಾಲಗೆ ಒಂದು ದಿನದಲ್ಲಿ ಅರಿತಿತ್ತು.

ಹಾಗೆಂದು ಕಾಯಿದೆ ವ್ಯರ್ಥವೆನ್ನಲಾಗದು. 1716ರಲ್ಲಿ ಟಸ್ಕನಿಯ ಅರಸನಾದ ಮೂರನೆಯ ಕೋಸಿಮೊ ಕಿಯಾಂತಿಯೇ ಮೊದಲಾದ ನಾಲ್ಕು ಸೀಮೆಗಳಿಗೆ ಎಲ್ಲೆ ಕಟ್ಟಿ, ಹೊರಗಿನ ಆಸವಕ್ಕೆ ಆ ಹೆಸರು ಸಲ್ಲದೆಂದು ಸಾರಿದನು. 1951ರಲ್ಲಿ ಅಸ್ತಿ ನಗರದಲ್ಲಿ ಆಸವ ಪರೀಕ್ಷಕರ ರಾಷ್ಟ್ರೀಯ ಸಂಸ್ಥೆಯೊಂದು ಹುಟ್ಟಿ, ನಾಲಗೆಗೆ ಪಾಠ ಹೇಳತೊಡಗಿತು. 1963ರಲ್ಲಿ ಇಡೀ ದೇಶಕ್ಕೆ ಅನ್ವಯಿಸುವ ಕಾಯಿದೆ ಬಂತು: ಯಾವ ಸೀಮೆ, ಯಾವ ದ್ರಾಕ್ಷಿ, ಎಕರೆಗೆ ಎಷ್ಟು ಫಸಲು, ಎಷ್ಟು ಕಾಲ ಮಾಗಿಸಬೇಕು ಎಂಬುದೆಲ್ಲ ಅದರಲ್ಲಿ ಗೊತ್ತಾಯಿತು. 1980ರಿಂದ ಜಾರಿಗೆ ಬಂದ ಅತ್ಯುಚ್ಚ ದರ್ಜೆಯ ಆಸವಗಳು ಬಾಟಲಿಗೆ ಇಳಿಯುವ ಮುನ್ನ ರಸಾಯನಶಾಲೆಯ ಪರೀಕ್ಷೆಯನ್ನೂ ಪರೀಕ್ಷಕರ ಮಂಡಳಿಯ ನಾಲಗೆಯನ್ನೂ ದಾಟಬೇಕು. ದಾಟಿದವಕ್ಕೆ ಕೊರಳಿನಲ್ಲಿ ಕ್ರಮಸಂಖ್ಯೆಯ ಪಟ್ಟಿ; ದಾಟದವಕ್ಕೆ ಆ ಹೆಸರಿಲ್ಲ.

ಇಷ್ಟೆಲ್ಲ ಇದ್ದೂ 1986ರ ವಸಂತದಲ್ಲಿ ಇಟಲಿ ತಲೆತಗ್ಗಿಸಿತು. ಅಗ್ಗದ ಆಸವದಲ್ಲಿ ಮದ್ಯಸಾರದ ಪ್ರಮಾಣ ಹೆಚ್ಚೆಂದು ತೋರಿಸಲು ಕೆಲವರು ಮಿಥೈಲ್ ಆಲ್ಕೊಹಾಲನ್ನು ಬೆರೆಸಿದ್ದರು. ಇಪ್ಪತ್ತು ಮಂದಿಗೂ ಹೆಚ್ಚು ಜನ ಸತ್ತರು; ಇನ್ನೂ ಹಲವರು ಕಣ್ಣು ಕಳೆದುಕೊಂಡರು. ಈ ವಿಷ ದೇಹದೊಳಗೆ ಫಾರ್ಮಿಕ್ ಆಮ್ಲವಾಗಿ ಮಾರ್ಪಟ್ಟು ದೃಷ್ಟಿಯ ನರವನ್ನೇ ಸುಡುತ್ತದೆ. ಇದರ ರುಚಿ ಸಾಮಾನ್ಯ ಮದ್ಯಸಾರದ್ದನ್ನೇ ಹೋಲುವುದರಿಂದ ಎಂಥ ನುರಿತ ನಾಲಗೆಯೂ ಇದನ್ನು ಹಿಡಿಯಲಾರದು. ಪರೀಕ್ಷಕನ ವಿದ್ಯೆಗೆ ಇಲ್ಲಿ ಎಲ್ಲೆ ಬಂತು, ಪ್ರಯೋಗಶಾಲೆಯೇ ದಿಕ್ಕಾಯಿತು.

ಆದರೂ ಆ ವಿಷ ಹರಿದದ್ದು ಯಾವ ದಾರಿಯಲ್ಲಿ ಎಂಬುದನ್ನು ಗಮನಿಸಬೇಕು. ಮಂಡಳಿಯ ಮುಂದೆ ಬರುವ ಬರೋಲೊ, ಬ್ರುನೆಲ್ಲೊಗಳ ದಾರಿಯಲ್ಲಲ್ಲ. ಊರು ಯಾವುದು, ದ್ರಾಕ್ಷಿ ಯಾವುದು, ರುಚಿ ಹೇಗೆ ಎಂದು ಯಾರೂ ಕೇಳದೆ, ಬೆಲೆ ಮತ್ತು ಮದ್ಯಸಾರದ ಅಂಕಿಗಳನ್ನು ಮಾತ್ರ ನೋಡಿ ಕೊಳ್ಳುತ್ತಿದ್ದ ಅಗ್ಗದ ಸರಕಿನ ದಾರಿಯಲ್ಲಿ. ರುಚಿಯ ವಿಚಾರಣೆ ನಿಂತ ಕಡೆ ಕಲಬೆರಕೆ ಕಾಲಿಟ್ಟಿತು.

*

ಇದೇ ಮಾತು ಕೃಷ್ಣೆ ತುಂಗಭದ್ರೆಯರ ನಡುವಿನ ಈ ಎಡೆದೊರೆ ನಾಡಿಗೂ ಅಕ್ಷರಶಃ ಸಲ್ಲುತ್ತದೆ. ಇಲ್ಲಿಯ ಹಳ್ಳಗಳ ದಡದಲ್ಲಿ ಈಚಲು ಮರಗಳಿದ್ದವು, ಇನ್ನೂ ಅಲ್ಲಲ್ಲಿ ಇವೆ. 1956ರಲ್ಲಿ ಮೈಸೂರು ರಾಜ್ಯವನ್ನು ಸೇರುವ ತನಕ ರಾಯಚೂರು ಹೈದರಾಬಾದಿನ ಆಡಳಿತದಲ್ಲಿತ್ತು. ಈಚಲಿನ ಹೆಂಡಕ್ಕೆ ‘ಸೇಂದಿ’ ಎಂಬ ಆ ಕಡೆಯ ಹೆಸರೇ ಇಲ್ಲಿಯೂ ನಿಂತಿದೆ.

ಮರದಿಂದ ಇಳಿದ ರಸಕ್ಕೆ ತನ್ನದೇ ಆದ ಹೊತ್ತುಗಳುಂಟು. ಒಳಗೆ ಸುಣ್ಣ ಬಳಿದ ಮಡಕೆಯಲ್ಲಿ ಹಿಡಿದು ನಸುಕಿನಲ್ಲೇ ಇಳಿಸಿದರೆ ಅದು ನೀರಾ. ಸಿಹಿ, ತಂಪು, ಮಕ್ಕಳೂ ಕುಡಿಯಬಹುದಾದದ್ದು. ಸುಣ್ಣವಿಲ್ಲದಿದ್ದರೆ ಗಾಳಿಯಲ್ಲಿನ ಮತ್ತು ಮಡಕೆಯಲ್ಲಿನ ಕಿಣ್ವಗಳು ಆಗಲೇ ಕೆಲಸಕ್ಕೆ ತೊಡಗುತ್ತವೆ. ಹೊತ್ತೇರಿದಂತೆ ನೊರೆ ಏಳುತ್ತದೆ, ಸಿಹಿ ಇಳಿದು ಹುಳಿ ಏರುತ್ತದೆ. ಸಂಜೆಯ ವೇಳೆಗೆ ಅಮಲು, ಮರುದಿನಕ್ಕೆ ವಿನೆಗರಿನ ಹುಳಿ. ಸೇಂದಿಯನ್ನು ಬಲ್ಲ ನಾಲಗೆ ಬೆಳಗಿನದೋ ಸಂಜೆಯದೋ, ಇಂದಿನದೋ ನೆನ್ನೆಯದೋ, ನೀರು ಬಿದ್ದಿದೆಯೋ ಇಲ್ಲವೋ ಎಂಬುದನ್ನು ಒಂದು ಗುಟುಕಿನಲ್ಲಿ ಹೇಳಬಲ್ಲುದು. ಟಸ್ಕನಿಯ ಪರೀಕ್ಷಕನಿಗಿರುವ ಪದವಿ ಅದಕ್ಕಿಲ್ಲದಿರಬಹುದು. ವಿದ್ಯೆ ಮಾತ್ರ ಅದೇ.

ಬೇಡಿಕೆ ಬೆಳೆಯಿತು, ಮರಗಳು ಕಡಿಮೆಯಾದವು. ಇದ್ದ ರಸಕ್ಕೆ ನೀರು ಸೇರಿತು. ನೀರು ಸೇರಿದ ಸಪ್ಪೆಗೆ ಸಿಹಿಗಾಗಿ ಸ್ಯಾಕರಿನ್, ಅಮಲಿಗಾಗಿ ಒಂದು ಪುಡಿ. ‘ಸಿ.ಎಚ್. ಪೌಡರ್’ ಎಂಬ ಆ ಪುಡಿಯ ಹೆಸರನ್ನು ರಾಯಚೂರು ಜಿಲ್ಲೆಯಲ್ಲಿ ಪತ್ರಿಕೆ ಓದುವವರೆಲ್ಲ ಬಲ್ಲರು. ಕ್ಲೋರಲ್ ಹೈಡ್ರೇಟ್ ಎಂಬ ರಾಸಾಯನಿಕ ಅದು. 1832ರಲ್ಲಿ ಜರ್ಮನಿಯ ಲೀಬಿಗ್ ಎಂಬ ವಿಜ್ಞಾನಿ ಅದನ್ನು ಮೊದಲು ತಯಾರಿಸಿದ. ಆ ಶತಮಾನದ ಉತ್ತರಾರ್ಧದಲ್ಲಿ ವೈದ್ಯರು ಅದನ್ನು ನಿದ್ರೆಯ ಔಷಧವಾಗಿ ಬಳಸತೊಡಗಿದರು. ಔಷಧವನ್ನು ಅಳೆದು ಕೊಡುವ ಕೈ ವೈದ್ಯನದು. ಸೇಂದಿಯ ಗಡಿಗೆಗೆ ಪುಡಿ ಸುರಿಯುವ ಕೈಗೆ ಅಳತೆಯೆಲ್ಲಿಂದ ಬರಬೇಕು? ಇದಕ್ಕೆ ದಾಸನಾದವನು ಹಠಾತ್ತನೆ ಬಿಟ್ಟರೂ ಆಪತ್ತೇ. ಕೈಕಾಲು ನಡುಕ, ಭ್ರಮೆ, ಫಿಟ್ಸು ಕಾಣಿಸಿಕೊಂಡು ಆಸ್ಪತ್ರೆ ಸೇರಬೇಕಾಗುತ್ತದೆ. ಕರ್ನಾಟಕದಲ್ಲಿ ಸಾರಾಯಿ 2007ರಲ್ಲಿ ನಿಷಿದ್ಧವಾಯಿತು. ಪುಡಿ ಬೆರೆತ ಸೇಂದಿಯ ಕಳ್ಳ ಮಾರಾಟ ಮಾತ್ರ ತೆಲಂಗಾಣದ ಗಡಿಗೆ ಅಂಟಿದ ಈ ಜಿಲ್ಲೆಯಲ್ಲಿ ಅಬಕಾರಿ ಇಲಾಖೆಯ ದಾಳಿಗಳ ನಡುವೆಯೂ ತಲೆ ಎತ್ತುತ್ತಲೇ ಬಂದಿದೆ.

ಇಲ್ಲಿ ಕಳೆದುಹೋದದ್ದು ಆರೋಗ್ಯ ಒಂದೇ ಎಂದುಕೊಂಡರೆ ರೋಗದ ಮೂಲ ತಿಳಿಯದು. ಅಮಲು ಪುಡಿಯಿಂದ ಬರತೊಡಗಿದ ಮೇಲೆ ಮರದ ಮಾತಿಲ್ಲ, ಹೊತ್ತಿನ ಮಾತಿಲ್ಲ. ಹುಳಿಯೋ ಸಿಹಿಯೋ ಎಂದು ಕೇಳುವವರಿಲ್ಲ. ಹಗಲೆಲ್ಲ ಗದ್ದೆಯಲ್ಲಿ, ಮೂಟೆಯ ಕೆಳಗೆ ದುಡಿದು ಬಂದವನು ಕೊಳ್ಳುವುದು ಮರೆವನ್ನು. ಮರೆವನ್ನು ಕೊಳ್ಳುವವನು ರುಚಿಯನ್ನು ವಿಚಾರಿಸುವುದಿಲ್ಲ. ವಿಚಾರಿಸದವನಿಗೆ ಏನನ್ನಾದರೂ ಮಾರಬಹುದು. ಪೆಟ್ಟು ಬೀಳುವುದು ಅವನ ಮನೆಯವರ ಮೇಲೆ. ತಿಂಗಳ ಕೂಲಿ ಎಲ್ಲಿ ಹೋಯಿತೆಂದು ಲೆಕ್ಕ ಹಾಕುವ ಹೆಂಡತಿ, ಶಾಲೆ ಬಿಟ್ಟು ಹತ್ತಿ ಬಿಡಿಸಲು ಹೊರಡುವ ಮಗಳು, ಇವರು ಯಾವ ಗಡಿಗೆಯಿಂದಲೂ ಗುಟುಕು ಕುಡಿದವರಲ್ಲ.

ಈ ಚಿತ್ರದ ಪಕ್ಕದಲ್ಲಿ ಇನ್ನೊಂದನ್ನು ಇಟ್ಟು ನೋಡಬೇಕು. 1997ರವರೆಗೆ ರಾಯಚೂರು ಜಿಲ್ಲೆಗೇ ಸೇರಿದ್ದ ಕೊಪ್ಪಳದ ಸೀಮೆಯಲ್ಲಿ, ಹಂಪಿಯ ಕಡೆಯ ಬೆಟ್ಟಸಾಲಿನಲ್ಲಿ, ಕೃಸ್ಮಾ ಎಂಬ ದ್ರಾಕ್ಷಿ ತೋಟವಿದೆ. ಅಲ್ಲಿ ಬೆಳೆಯುವ ತಳಿಗಳಲ್ಲಿ ಟಸ್ಕನಿಯ ಸಾಂಜೊವೇಸೆಯೂ ಒಂದು. ಜೋವನ ರಕ್ತ ಬಯಲುಸೀಮೆಯ ಕಲ್ಲುನೆಲದಲ್ಲಿ ಬೇರೂರಿದೆ. 2007ರಲ್ಲಿ ರಾಜ್ಯ ಸರಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನಿಗಾಗಿ ಪ್ರತ್ಯೇಕ ನೀತಿಯನ್ನು ರೂಪಿಸಿತು. ಅದಕ್ಕೊಂದು ಮಂಡಳಿಯೂ ಆಯಿತು. ಇಂಥ ಕಡೆಗಳಲ್ಲಿ ಕಾಯಿ ಹಣ್ಣಾಗುವಾಗಲೇ ಸಕ್ಕರೆ ಮತ್ತು ಹುಳಿಯ ಅಳತೆ, ಹುದುಗುವಾಗ ದಿನದಿನದ ಪರೀಕ್ಷೆ, ಬಾಟಲಿಯ ಮೇಲೆ ವರ್ಷ, ತಳಿ, ಊರು, ಮದ್ಯಸಾರದ ಪ್ರಮಾಣ. ನಗರದ ಸ್ಥಿತಿವಂತನೊಬ್ಬನ ಬಟ್ಟಲಿಗೆ ಬೀಳುವ ಮುನ್ನ ಅದನ್ನು ಕಾಯಲು ಇಷ್ಟು ಕಣ್ಣು, ಮೂಗು, ನಾಲಗೆಗಳಿವೆ. ಕೂಲಿಕಾರನ ಗಡಿಗೆಯನ್ನು ಕಾಯಲು ಒಂದೂ ಇಲ್ಲ. ಒಂದೇ ಮಣ್ಣಿನ ಎರಡು ಪಾನಗಳ ನಡುವಿನ ಈ ಅಂತರ ಬೆಲೆಯ ಅಂತರಕ್ಕಿಂತ ದೊಡ್ಡದು.

ಕುಡಿಯದಿರುವುದೇ ಮೇಲೆಂಬ ಹಿರಿಯರ ಮಾತು ನಿಜ. ಆದರೆ ಕಲಬೆರಕೆ ಸೇಂದಿಯ ಅಂಗಡಿಯಲ್ಲಿಯೇ ನಿಂತುಬಿಡುವುದಿಲ್ಲ. ಎಣ್ಣೆ, ಹಾಲು, ಜೇನು, ಖಾರದ ಪುಡಿ ಎಲ್ಲವೂ ಮನೆಯ ಹೊಸ್ತಿಲು ದಾಟಿಯೇ ಬರುತ್ತವೆ. ಅವುಗಳ ಮುಂದೆ ನಿಂತು ಇದು ಎಲ್ಲಿಯದು, ಯಾರು ಮಾಡಿದ್ದು, ವಾಸನೆ ಹೀಗೇಕೆ ಎಂದು ಕೇಳುವ ಅಭ್ಯಾಸ ಅಜ್ಜಿಯರಿಗಿತ್ತು. ಮುಚ್ಚಿದ ಪೊಟ್ಟಣದ ಮೇಲಿನ ಚಿತ್ರವನ್ನೇ ನಂಬುವ ಕಾಲದಲ್ಲಿ ಅದು ಸವೆಯುತ್ತಿದೆ. ನಾಲಗೆ ಎಲ್ಲ ವಿಷವನ್ನೂ ಹಿಡಿಯಲಾರದೆಂಬುದನ್ನು ಇಟಲಿಯ ಸಾವುಗಳು ಕಲಿಸಿವೆ. ಅದಕ್ಕೆ ಪ್ರಯೋಗಶಾಲೆಯೂ ಬೇಕು, ಪ್ರಾಮಾಣಿಕ ಅಧಿಕಾರಿಯೂ ಬೇಕು. ಆದರೆ ನಾಲಗೆ ಪ್ರಶ್ನೆ ಕೇಳುವುದನ್ನು ಬಿಟ್ಟ ಊರಿನಲ್ಲಿ ಪ್ರಯೋಗಶಾಲೆಯ ಬಾಗಿಲನ್ನು ತಟ್ಟುವವರಾದರೂ ಯಾರು? ಮಕ್ಕಳಿಗೆ ಊಟದ ಜೊತೆಗೆ ರುಚಿ ನೋಡುವುದನ್ನೂ ಕಲಿಸುವ ತಾಯಿ, ಅರಿವಿಲ್ಲದೆಯೇ, ಅವರಿಗೊಂದು ಕಾವಲನ್ನು ಕೊಟ್ಟು ಕಳಿಸುತ್ತಾಳೆ.